ಬೇಲಿಗೆ ಬಣ್ಣವೋ, ಎಣ್ಣೆಯೋ?



ನಮ್ಮ ಸಂಘದ ಯಾವ ಸಮಾರಂಭಕ್ಕೆ ಹೋದರೂ ಊಟದ ಸಾಲಿನಲ್ಲಿ ನಿಂತ ಗಂಡಸರ ಬಾಯಲ್ಲಿ ಮೂರೇ ಮಾತು. ಒಂದು ಗ್ರೀನ್ ಕಾರ್ಡು, ಇನ್ನೊಂದು ಮಕ್ಕಳ ಮ್ಯಾಥ್ ಕ್ಲಾಸು, ಮೂರನೆಯದು ಮನೆ ರಿಪೇರಿ. ಮೊದಲ ಎರಡರಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ. ಮೂರನೆಯದರಲ್ಲಿ ಮಾತ್ರ ಇತ್ತೀಚೆಗೆ ಸ್ವಲ್ಪ ಬೆಲೆ ಬಂದಿದೆ, ಕಾರಣ ನಮ್ಮ ಮನೆ ಬೇಲಿ! "ಅದೇನು ಹಾಕಿದ್ರಿ? ಎಷ್ಟಾಯ್ತು? ಪೇಂಟಾ, ಸ್ಟೇನಾ?" ಎಂದು ನಾಲ್ಕೈದು ಮಂದಿ ಕೇಳಿದ್ದಾರೆ. ಪಾಯಸದ ಬಟ್ಟಲು ಕೈಯಲ್ಲಿ ಹಿಡಿದು ಹೇಳುವಷ್ಟು ಚಿಕ್ಕ ಕಥೆಯಲ್ಲ ಇದು. ಹಾಗಾಗಿ ಸಂಪಾದಕರ ಅನುಮತಿ ಪಡೆದು ಇಲ್ಲೇ ಬರೆದುಬಿಡುತ್ತಿದ್ದೇನೆ.

ನಾವಿರುವುದು ಡಾಲಸ್ಸಿನ ಉತ್ತರಕ್ಕಿರುವ ಬಡಾವಣೆಗಳಲ್ಲೊಂದರಲ್ಲಿ. ಇಲ್ಲಿನ ಬೇಲಿ ಅಂದರೆ ನಿಮಗೆಲ್ಲ ಗೊತ್ತಿರುವುದೇ, ಆರಡಿ ಎತ್ತರದ ಸೀಡರ್ ಹಲಗೆಗಳ ಗೋಡೆ. ಊರಿನಲ್ಲಿ ಬೇಲಿ ಅಂದರೆ ಲಂಟಾನ, ಕಳ್ಳಿ, ಬಿದಿರು ಮುಳ್ಳು, ನಡುವೆ ದಾಟಲೊಂದು ದಣಪೆ. ದನ ಒಳಗೆ ಬರಬಾರದು, ಪಕ್ಕದ ಮನೆಯವರ ಮುಖ ಕಾಣಬೇಕು. ಇಲ್ಲಿ ಉಲ್ಟಾ. ದನದ ಭಯವಿಲ್ಲ, ಮುಖ ಮಾತ್ರ ಕಾಣಬಾರದು!

ಮೂರು ವರ್ಷದ ಹಿಂದೆ ನಾವು ಈ ಮನೆ ಕೊಂಡಾಗ ಬೇಲಿ ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು. ಮನೆ 2001ರದ್ದು, ಕಂಬಗಳೂ ಅಂದಿನವೇ. ಹಲಗೆಗಳನ್ನು ಹಿಂದಿನ ಮಾಲೀಕರು ಆಮೇಲೆ ಬದಲಾಯಿಸಿದ್ದರಂತೆ. ಕಳೆದ ವರ್ಷ ಮೇ ತಿಂಗಳಲ್ಲಿ ಎಚ್.ಓ.ಎ. ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಪತ್ರ ಬಂತು. ರಸ್ತೆಗೆ ಕಾಣುವ ಬೇಲಿ "ಸುಸ್ಥಿತಿಯಲ್ಲಿಲ್ಲ", ಮೂವತ್ತು ದಿನದೊಳಗೆ ಬದಲಾಯಿಸಬೇಕು ಅಥವಾ ಒಪ್ಪಿಗೆಯಿರುವ ಬಣ್ಣ ಕೊಡಬೇಕು, ಇಲ್ಲವಾದರೆ ದಂಡ. ಬೇಲಿ ಹಾಕುವವರೊಬ್ಬರನ್ನು ಕರೆಸಿದೆ. ಅಳತೆ ಟೇಪು ಹಿಡಿದು ಒಂದು ಸುತ್ತು ಹೊಡೆದು, "ಎಲ್ಲಾ ಕೊಳೆತಿದೆ, ಹೊಸದೇ ಹಾಕಬೇಕು" ಎಂದು 7,200 ಡಾಲರಿನ ಅಂದಾಜು ಬರೆದುಕೊಟ್ಟರು. ಅದೇ ತಿಂಗಳು ನಮ್ಮ ಕಂಪನಿಯಲ್ಲಿ ಲೇಆಫಿನ ಗುಸುಗುಸು ಬೇರೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂತ ಗಾದೆ ಕೇಳಿದ್ದೆ, ನಮ್ಮ ಬೇಲಿ ಬ್ಯಾಂಕ್ ಅಕೌಂಟನ್ನೇ ಮೇಯಲು ನಿಂತಿತ್ತು.

ಅದೇ ಸಮಯಕ್ಕೆ ಹೊನ್ನಾವರದಿಂದ ಅಪ್ಪಯ್ಯ ಬಂದಿದ್ದರು, ಆರು ತಿಂಗಳಿಗೆ. ನಿವೃತ್ತ ಮೇಷ್ಟ್ರು. ನಮ್ಮ ಕಡೆ ಹಳೇ ಮನೆಗಳ ಜಂತಿ, ತೊಲೆಗಳನ್ನೆಲ್ಲ ನೋಡಿ ಬೆಳೆದವರು. ಬೇಲಿಯ ಬುಡಕ್ಕೆ ಕೂತು, ಒಂದು ಸ್ಕ್ರೂ ಡ್ರೈವರ್ ಇಸಿದುಕೊಂಡು, ಹಲಗೆಗಳನ್ನು ಒಂದೊಂದಾಗಿ ಚುಚ್ಚುತ್ತಾ ಹೋದರು. ಅರ್ಧ ದಿನ. ಸಂಜೆ ಹೇಳಿದ್ದಿಷ್ಟು: "ತಮಾ, ಒಂಬತ್ತು ಹಲಗೆ ಕುಂಬಾಗಿದೆ, ಒಂದು ಕಂಬ ಹೋಗಿದೆ. ಉಳಿದದ್ದು ಗಟ್ಟಿ ಇದೆ. ಮುದುಕ ಆಗಿದೆ ಅಷ್ಟೇ, ಸತ್ತಿಲ್ಲ."

ಇಡೀ ವ್ಯವಹಾರದಲ್ಲಿ ನಮಗೆ ದುಡ್ಡು ಉಳಿಸಿದ್ದು ಈ ಒಂದು ಮಾತು. ಬೂದು ಬಣ್ಣ ಬೇರೆ, ಕೊಳೆಯುವುದು ಬೇರೆ. ಮರದಲ್ಲಿ ಸೆಲ್ಯುಲೋಸ್ ಎಂಬ ನಾರು ಇರುತ್ತದೆ, ಆ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟು ಇರುತ್ತದೆ. ಬಿಸಿಲಿನ ನೇರಳಾತೀತ ಕಿರಣ ಲಿಗ್ನಿನನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಮೇಲೆ ಬಿಳಿಚಿದ ನಾರು ಉಳಿಯುತ್ತದೆ. ಅದರ ಮೇಲೆ ಬೂಷ್ಟು ಕೂತರೆ ಬೂದು ಬಣ್ಣ ಪೂರ್ತಿ ಆಯಿತು. ಇದೆಲ್ಲ ನಡೆಯುವುದು ಕೂದಲೆಳೆಯಷ್ಟು ಮೇಲ್ಪದರದಲ್ಲಿ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ 1910ರಿಂದ ಅಮೆರಿಕ ಸರಕಾರದ ಅರಣ್ಯ ಉತ್ಪನ್ನಗಳ ಪ್ರಯೋಗಾಲಯ ಒಂದಿದೆ. ಅವರು ಅಳೆದಿರುವ ಪ್ರಕಾರ ಏನೂ ಹಚ್ಚದೆ ಬಯಲಲ್ಲಿ ಬಿಟ್ಟರೂ ಸೀಡರ್‌ನಂಥ ಮೆದು ಮರ ಸವೆಯುವುದು ನೂರು ವರ್ಷಕ್ಕೆ ಸುಮಾರು 12 ಮಿಲಿಮೀಟರ್. ನೂರು ವರ್ಷಕ್ಕೆ! ಕೊಳೆಯುವುದು ಶಿಲೀಂಧ್ರದ ಕೆಲಸ, ಅದಕ್ಕೆ ಮರ ಸದಾ ಒದ್ದೆಯಿರಬೇಕು. ತೇವ ಶೇಕಡ 20ರ ಕೆಳಗಿದ್ದರೆ ಅದು ಬದುಕಿ ಬೆಳೆಯಲಾರದು. ಹಾಗಾಗಿ ಕೊಳೆತದ್ದು ಸಿಕ್ಕುವುದು ಮಣ್ಣಿಗೆ ತಾಗಿದ ಬುಡದಲ್ಲಿ, ಸ್ಪ್ರಿಂಕ್ಲರ್ ನೀರು ದಿನಾ ಬಡಿಯುವ ಜಾಗದಲ್ಲಿ. ಬೇಲಿಯವರು "ಎಲ್ಲಾ ಕೊಳೆತಿದೆ" ಎಂದಾಗ ಒಂದು ಸ್ಕ್ರೂ ಡ್ರೈವರ್ ತೆಗೆದುಕೊಂಡು ನೀವೇ ಚುಚ್ಚಿ ನೋಡಿ. ಒಳಗೆ ಹೋಯಿತೋ, ಕೊಳೆತಿದೆ. ಟಣ್ ಎಂದಿತೋ, ಇಲ್ಲ.

ಎಚ್.ಓ.ಎ.ಗೆ ಪತ್ರ ಬರೆದೆ. ಟೆಕ್ಸಸ್ಸಿನ ಬೇಸಿಗೆಯಲ್ಲಿ, 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ಯಾವ ಸ್ಟೇನೂ ಸರಿಯಾಗಿ ಕೂರುವುದಿಲ್ಲ, ಡಬ್ಬದ ಮೇಲೇ ಹಾಗೆ ಬರೆದಿರುತ್ತದೆ, ದಯವಿಟ್ಟು ಅಕ್ಟೋಬರ್ ಕೊನೆಯವರೆಗೆ ಸಮಯ ಕೊಡಿ ಎಂದು ವಿನಂತಿಸಿದೆ. ಕಾರಣ ಬರೆದು ಕೇಳಿದ್ದಕ್ಕೆ ಕೊಟ್ಟರು. ಜೊತೆಗೆ ಒಪ್ಪಿಗೆಯಿರುವ ಬಣ್ಣಗಳ ಪಟ್ಟಿಯೂ ಬಂತು.

ಅಲ್ಲಿಂದ ಶುರುವಾಯಿತು ಅಪ್ಪಯ್ಯ ಮತ್ತು ನನ್ನ ನಡುವಿನ ಶೀತಲ ಸಮರ. ಅಂಗಡಿಯ ಬಣ್ಣದ ಸಾಲಿನಲ್ಲಿ ನಿಂತರೆ ತಲೆ ತಿರುಗುವುದು ಗ್ಯಾರಂಟಿ. ಬಣ್ಣವಿಲ್ಲದ ಸೀಲರ್, ಅರೆಪಾರದರ್ಶಕ ಸ್ಟೇನ್ (ಹಲಗೆಯ ಗೆರೆ ಕಾಣುತ್ತದೆ, ಬಣ್ಣವೂ ಬರುತ್ತದೆ), ಸಾಲಿಡ್ ಸ್ಟೇನ್ (ಗೆರೆ ಮುಚ್ಚಿಹೋಗುತ್ತದೆ), ಮತ್ತು ಸಾಕ್ಷಾತ್ ಪೇಂಟು. ಇವುಗಳಲ್ಲೂ ಎಣ್ಣೆಯದ್ದು ಬೇರೆ, ನೀರಿನದ್ದು ಬೇರೆ. ಅಪ್ಪಯ್ಯನ ಮತ ಎಣ್ಣೆಗೆ, ಅದೂ ಶುದ್ಧ ಎಣ್ಣೆಗೆ. ನಮ್ಮ ಕರಾವಳಿಯಲ್ಲಿ ಗೋಡಂಬಿ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯನ್ನು ದೋಣಿಗೂ ಮನೆಯ ಮರಕ್ಕೂ ಬಳಿಯುವುದು ರೂಢಿ. ಒರಲೆ ಹತ್ತಿರ ಸುಳಿಯುವುದಿಲ್ಲ. ಕೈಗೆ ತಾಗಿದರೆ ಮಾತ್ರ ಸುಟ್ಟು ಬೊಬ್ಬೆ. "ಗೇರೆಣ್ಣೆ ಸಿಕ್ಕದಿದ್ದರೆ ಅಗಸೆ ಎಣ್ಣೆ ಆದರೂ ಹಚ್ಚು. ಈ ಡಬ್ಬದ ನೀರಿಗೆಲ್ಲ ದುಡ್ಡು ಯಾಕೆ?" ಎಂಬುದು ಅವರ ವಾದ.

(ಗೇರೆಣ್ಣೆಯ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಇಲ್ಲಿನ ಬೇಲಿಗಳಿಗೆ ಹಬ್ಬುವ ಮೂರು ಮೂರು ಎಲೆಯ ಪಾಯ್ಸನ್ ಐವಿ ಬಳ್ಳಿ ಗೋಡಂಬಿ, ಮಾವಿನ ಮರಗಳ ಕುಟುಂಬಕ್ಕೇ ಸೇರಿದ್ದು. ಅದರ ರಸ ಚರ್ಮ ಸುಡುವುದೂ ಗೇರೆಣ್ಣೆಗೆ ಹತ್ತಿರದ ರಾಸಾಯನಿಕದಿಂದಲೇ. ಹಿಂದಿನ ಬೇಲಿಯಲ್ಲಿ ಅದು ಕಂಡ ಕೂಡಲೇ ಅಪ್ಪಯ್ಯ "ಇದು ನಮ್ಮ ಪೈಕಿಯದ್ದೇ" ಎಂದು ದೂರ ಸರಿದರು. ಕೈಗವಸಿಲ್ಲದೆ ಮುಟ್ಟಬೇಡಿ. ಕಿತ್ತದ್ದನ್ನು ಸುಡಲೂ ಬೇಡಿ, ಹೊಗೆ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.)

ನನಗೋ ಪಟ್ಟಿಯಲ್ಲಿದ್ದ ಕಡು ಬಣ್ಣದ ಮೇಲೆ ಕಣ್ಣು. ವಾದದಿಂದ ಬಗೆಹರಿಯುವ ವಿಷಯ ಅಲ್ಲ ಎಂದಾದಾಗ ನಾನು ನನ್ನ ಕುಲಕಸುಬಿಗೆ ಮರಳಿದೆ, ಟೆಸ್ಟಿಂಗ್! ಎಸಿ ಯಂತ್ರದ ಹಿಂದೆ, ಯಾರಿಗೂ ಕಾಣದ, ಆದರೆ ಮಧ್ಯಾಹ್ನದ ಬಿಸಿಲು ನೇರ ಬೀಳುವ ಐದು ಹಲಗೆಗಳನ್ನು ತೊಳೆದು, ಒಂದು ಬೆಳಗಿನ ಜಾವ ಐದು ಬಗೆ ಹಚ್ಚಿದೆವು. ಬಣ್ಣವಿಲ್ಲದ ಸೀಲರ್, ಸೀಡರ್ ಬಣ್ಣದ ಅರೆಪಾರದರ್ಶಕ ಎಣ್ಣೆ ಸ್ಟೇನ್, ಅದರದೇ ಕಡು ಬಣ್ಣ, ನೀರಿನ ಸಾಲಿಡ್ ಸ್ಟೇನ್, ಐದನೆಯದಕ್ಕೆ ಅಪ್ಪಯ್ಯನ ಅಗಸೆ ಎಣ್ಣೆ. ಪೇಂಟಿಗೆ ಪರೀಕ್ಷೆಯೇ ಬೇಕಿರಲಿಲ್ಲ. ಹಿಂದಿನ ಮಾಲೀಕರು ಗೇಟಿನ ಪಕ್ಕದ ಭಾಗಕ್ಕೆ ಬಿಳಿ ಪೇಂಟು ಹೊಡೆದು ಹೋಗಿದ್ದರು, ಅದು ಹಪ್ಪಳದ ಹಾಗೆ ಎದ್ದು ನಿಂತಿತ್ತು.

ಪೇಂಟು ಯಾಕೆ ಏಳುತ್ತದೆ? ಪೇಂಟು ಕೆಟ್ಟದ್ದು ಅಂತಲ್ಲ. ಮನೆಯ ಗೋಡೆಯ ಹಲಗೆಗೆ ಅದರಷ್ಟು ಬಾಳುವುದು ಬೇರೆ ಇಲ್ಲ. ಆದರೆ ಗೋಡೆಗೆ ಒಂದೇ ಮುಖ ಮಳೆಗೆ, ಮೇಲೆ ಸೂರು. ಬೇಲಿಗೆ ಎರಡೂ ಮುಖ ಮಳೆಗೆ, ತಲೆ ಬಯಲಿಗೆ, ಬುಡ ಹುಲ್ಲಿಗೆ. ಕತ್ತರಿಸಿದ ತುದಿಗಳಿಂದ ನೀರು ಸ್ಟ್ರಾ ಹಾಕಿ ಹೀರಿದಂತೆ ಒಳಗೆ ಹೋಗುತ್ತದೆ. ಒಳಗೆ ಹೋದದ್ದು ಬಿಸಿಲಿಗೆ ಹೊರಗೆ ಬರಲು ನೋಡುತ್ತದೆ, ಎದುರಿಗೆ ಪೇಂಟಿನ ಪೊರೆ. ಮರ ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ಪೊರೆಗೆ ಅದರ ಜೊತೆ ಕುಣಿಯಲಾಗುವುದಿಲ್ಲ. ಸೀಳುತ್ತದೆ, ಏಳುತ್ತದೆ. ಮತ್ತೆ ಹಚ್ಚಬೇಕೆಂದರೆ ಮೊದಲು ಹಳೆಯದನ್ನು ಕೆರೆಯಬೇಕು. ಒಂದೊಂದು ಹಲಗೆಯನ್ನೂ! ಬೇಲಿ ಮೇಲಿನ ಓತಿಕ್ಯಾತನನ್ನು ಮೈಮೇಲೆ ಬಿಟ್ಟುಕೊಳ್ಳುವುದೆಂದರೆ ಇದೇ ಇರಬೇಕು.

ಅರೆಪಾರದರ್ಶಕ ಎಣ್ಣೆ ಸ್ಟೇನು ಪೊರೆ ಕಟ್ಟುವುದಿಲ್ಲ, ಮರದೊಳಕ್ಕೆ ಇಳಿಯುತ್ತದೆ. ಅದೂ ಹಾಳಾಗುತ್ತದೆ, ಆದರೆ ಸವೆದು ಮಾಸುತ್ತದೆ, ಎದ್ದು ಸುಲಿಯುವುದಿಲ್ಲ. ಮಾಸಿದಾಗ ತೊಳೆದು ಮೇಲೆ ಇನ್ನೊಂದು ಕೋಟು ಹಾಕಿದರೆ ಮುಗಿಯಿತು. ನಮ್ಮ ಸಾಫ್ಟ್‌ವೇರಿನಲ್ಲೂ ಅಷ್ಟೇ ಅಲ್ಲವೇ? ಎಷ್ಟು ದಿನ ನಡೆಯುತ್ತದೆ ಎನ್ನುವುದಕ್ಕಿಂತ ಕೆಟ್ಟಾಗ ಹೇಗೆ ಕೆಡುತ್ತದೆ ಎಂದು ಕೇಳುವವನೇ ರಾತ್ರಿ ನಿದ್ದೆ ಮಾಡುವುದು. ನಾನು ಬೇಲಿಯ ಲೇಪನ ಆರಿಸಿದ್ದು ಈ ಒಂದೇ ಪ್ರಶ್ನೆಯ ಮೇಲೆ. ಬಣ್ಣ ಯಾವುದು ಎಂಬುದು ಆಮೇಲಿನ ಮಾತು.

ಇನ್ನು ಬಣ್ಣವಿಲ್ಲದ ಸೀಲರ್. "ಮರದ ಸಹಜ ಸೌಂದರ್ಯ ಹಾಗೇ ಇರಲಿ" ಎಂದು ಬಹಳ ಜನ ಕೊಳ್ಳುವುದು ಇದನ್ನೇ. ನೀರನ್ನು ತಡೆಯುತ್ತದೆ ನಿಜ, ಆದರೆ ಬಿಸಿಲಿಗೆ ಕೊಡೆ ಹಿಡಿಯುವುದು ಬಣ್ಣದ ಕಣ. ಅದಿಲ್ಲದೆ ಲಿಗ್ನಿನ್ ಉಳಿಯುವುದಿಲ್ಲ. ಸ್ಟೇನಿನಲ್ಲಿರುವ ಆ ಕೆಂಪು, ಕಂದು ಕಣ ಹೆಚ್ಚಾಗಿ ಐರನ್ ಆಕ್ಸೈಡ್. ಇದನ್ನು ಹೇಳಿದಾಗ ಅಪ್ಪಯ್ಯ ಒಂದು ಕ್ಷಣ ಸುಮ್ಮನಿದ್ದು, "ಅಂದರೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಮಾರ್ತಾರೆ ಅನ್ನು!" ಎಂದರು. ಅಕ್ಷರಶಃ ಹೌದು. ನಮ್ಮ ಉತ್ತರ ಕನ್ನಡದ ದೇವಸ್ಥಾನಗಳ ಕಾವಿ ಚಿತ್ರದ ಕೆಂಪು ಕೂಡ ಅದೇ ಜಾತಿಯದು, ಅಷ್ಟು ಮಳೆಗಾಲ ಕಂಡರೂ ಮಾಸಿಲ್ಲ. ಸ್ವೀಡನ್ ದೇಶದ ಹಳ್ಳಿ ಮನೆಗಳೆಲ್ಲ ಕೆಂಪಗಿರುವುದನ್ನು ಫೋಟೋಗಳಲ್ಲಿ ನೋಡಿರುತ್ತೀರಿ. ಅದು ಫಾಲುನ್ ಎಂಬ ಊರಿನ ತಾಮ್ರದ ಗಣಿಯ ಮಣ್ಣು. ಹಿಟ್ಟಿನ ಗಂಜಿ ಕಾಯಿಸಿ, ಅಗಸೆ ಎಣ್ಣೆ ಸೇರಿಸಿ ಕಲಸುತ್ತಾರೆ. ಗಣಿ 1992ರಲ್ಲೇ ಮುಚ್ಚಿತು, ಬಣ್ಣ ಮಾತ್ರ ಇವತ್ತಿಗೂ ತಯಾರಾಗುತ್ತಿದೆ. ಮ್ಯಾಡಿಸನ್ನಿನ ಪ್ರಯೋಗಾಲಯದವರು 1950ರ ದಶಕದಲ್ಲಿ ಮಾಡಿದ ಪ್ರಸಿದ್ಧ ಮ್ಯಾಡಿಸನ್ ಫಾರ್ಮುಲಾ ಕೂಡ ಅಗಸೆ ಎಣ್ಣೆ, ಮೇಣ, ಮಣ್ಣಿನ ಬಣ್ಣ ಮತ್ತು ಶಿಲೀಂಧ್ರನಾಶಕದ ಮಿಶ್ರಣ. (ಅಂದಿನ ಆ ಶಿಲೀಂಧ್ರನಾಶಕ ಪೆಂಟಾಕ್ಲೋರೋಫೀನಾಲ್ ವಿಷ. ಈಗ ಅದು ಬಳಕೆಯಲ್ಲಿಲ್ಲ, ಹಳೇ ಪುಸ್ತಕ ನೋಡಿ ಮನೆಯಲ್ಲಿ ತಯಾರಿಸಲು ಹೋಗಬೇಡಿ.)

ಬೇಸಿಗೆಯಿಡೀ ಐದು ಹಲಗೆಗಳು ಬೆಂದವು. ಅಪ್ಪಯ್ಯ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ಒಂದು ಚಮಚ ನೀರು ಚಿಮುಕಿಸಿ ನೋಡುವರು. ಆ ಹೊತ್ತಿನಲ್ಲೇ ಪಕ್ಕದ ಮನೆಯ ಅಜ್ಜನ ಪರಿಚಯವಾದದ್ದು. ಎಂಬತ್ತರ ಹತ್ತಿರದವರು, ಜೀವಮಾನವೆಲ್ಲ ಮರಗೆಲಸ ಮಾಡಿದವರು. ನಾವು ಬಂದು ಮೂರು ವರ್ಷವಾದರೂ ನಮ್ಮ ಜೊತೆ ಎರಡು ಮಾತಿಗಿಂತ ಹೆಚ್ಚು ಆಡಿರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಹಿಂದಿನ ಮಾಲೀಕರು ಪೇಂಟು ಸ್ಪ್ರೇ ಮಾಡುವಾಗ ಹಲಗೆಗಳ ಸಂದಿಯಿಂದ ಬಿಳಿ ಬಣ್ಣ ಇವರ ಗುಲಾಬಿ ಗಿಡಗಳಿಗೂ ಕಲ್ಲಿನ ಹಾಸಿಗೂ ಬಿದ್ದಿತ್ತಂತೆ. ಕೇಳಿದ್ದಕ್ಕೆ ಜಗಳ. ಆ ಮನೆಯ ಮೇಲಿನ ಸಿಟ್ಟನ್ನು ಮನೆ ಸಮೇತ ನಾವು ಕೊಂಡಿದ್ದೆವು! ಅಪ್ಪಯ್ಯ ತಮ್ಮ ಮೇಷ್ಟ್ರ ಇಂಗ್ಲಿಷಿನಲ್ಲಿ, ಅಜ್ಜ ತಮ್ಮ ಟೆಕ್ಸಸ್ ಇಂಗ್ಲಿಷಿನಲ್ಲಿ ಮಾತಾಡುವುದು. ಇವರದು ಅವರಿಗೆ ಅರ್ಧ, ಅವರದು ಇವರಿಗೆ ಕಾಲು. ಆದರೂ ಇಬ್ಬರೂ ಗೆಣ್ಣಿನಿಂದ ಹಲಗೆ ತಟ್ಟಿ ಕಿವಿಗೊಟ್ಟು ಕೇಳುವುದು ನೋಡಿದರೆ ಒಂದೇ ಗುರುವಿನ ಶಿಷ್ಯರೆನ್ನಬೇಕು.

ಅಕ್ಟೋಬರಿಗೆ ಫಲಿತಾಂಶ ಬಂತು. ಬಣ್ಣವಿಲ್ಲದ ಸೀಲರಿನ ಹಲಗೆ ಆಗಲೇ ಬೂದಾಗತೊಡಗಿತ್ತು. ಅಗಸೆ ಎಣ್ಣೆಯದು ಜಿಗುಟಾಗಿ, ಧೂಳು ಹಿಡಿದು, ಕಪ್ಪು ಬೂಷ್ಟು ಬಂದಿತ್ತು. ಬರೀ ಅಗಸೆ ಎಣ್ಣೆ ಬೂಷ್ಟಿಗೆ ಮೃಷ್ಟಾನ್ನ ಎಂದು ಅಜ್ಜ ಮೊದಲೇ ಹೇಳಿದ್ದರು. ಸಾಲಿಡ್ ಸ್ಟೇನು ಹಚ್ಚಿದ ದಿನದ ಹಾಗೇ ಇತ್ತು, ನಿಜ ಹೇಳಬೇಕು. ಹಲಗೆಗಳು ಒಂದೊಂದು ಒಂದೊಂದು ಬಣ್ಣದ್ದಾಗಿದ್ದು, ಏಕರೂಪ ಬೇಕೇ ಬೇಕು ಎನ್ನುವವರಿಗೆ ಅದು ಸರಿ. ಆದರೆ ಅದೂ ಒಂದು ಪೊರೆಯೇ, ಒಮ್ಮೆ ಹಾಕಿದರೆ ಮುಂದೆಯೂ ಅದನ್ನೇ ಹಾಕುತ್ತಿರಬೇಕು, ಮರ ಮತ್ತೆ ಕಾಣುವುದಿಲ್ಲ. ಎರಡು ಅರೆಪಾರದರ್ಶಕಗಳಲ್ಲಿ ಕಡು ಬಣ್ಣದ್ದು ಹೊಸ ಹಲಗೆಯ ಮೇಲೆ ಚೆಂದ ಕಂಡೀತು, ಹಳೇ ಹಲಗೆ ಹೆಚ್ಚು ಕುಡಿದು ಇನ್ನೂ ಕಪ್ಪಾಗಿತ್ತು. ಸೀಡರ್ ಬಣ್ಣವೇ ಗೆದ್ದಿತು. ಅಪ್ಪಯ್ಯ ತಮ್ಮ ಹಲಗೆಯನ್ನು ಒಮ್ಮೆ ನೋಡಿ, "ಹೊನ್ನಾವರದಲ್ಲಿ ಹೀಗಾಗ್ತಿರಲಿಲ್ಲ" ಎಂದಷ್ಟೇ ಹೇಳಿ ಡಬ್ಬ ಮುಚ್ಚಿದರು.

ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ. ಮೊದಲು ಕಲೆ ಯಾವುದು ನೋಡಿ. ಕಪ್ಪಗಿರುವ ಜಾಗಕ್ಕೆ ಮನೆಯ ಬ್ಲೀಚಿನ ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಬಿಳಿಚಿದರೆ ಬೂಷ್ಟು, ಹಾಗೇ ಇದ್ದರೆ ಕೊಳೆ ಅಥವಾ ಕಬ್ಬಿಣದ ಕಲೆ. ಇಡೀ ಬೇಲಿಗೆ ಕ್ಲೋರಿನ್ ಬ್ಲೀಚ್ ಸುರಿಯಬೇಡಿ, ನಾರು ಸಡಿಲಾಗುತ್ತದೆ, ಗಿಡಗಳೂ ಸಾಯುತ್ತವೆ. ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಆಕ್ಸಿಜನ್ ಕ್ಲೀನರ್ ಸಾಕು. ಕಲಸಿ ಹಚ್ಚಿ, ಕಾಲು ಗಂಟೆ ಬಿಟ್ಟು, ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಪ್ರೆಶರ್ ವಾಷರ್ ಇದ್ದರೆ ಒತ್ತಡ ತಗ್ಗಿಸಿ, ದೂರದಿಂದ ಹಿಡಿಯಿರಿ. ಸೀಡರ್ ಮೆತ್ತಗಿನ ಮರ, ಹತ್ತಿರ ಹಿಡಿದರೆ ಹಲಗೆಯ ಮೇಲೆ ನೇಗಿಲು ಹೂಡಿದಂತೆ ಗೆರೆ ಬೀಳುತ್ತದೆ. ಮೊಳೆಯ ಸುತ್ತ ಇಳಿದಿರುವ ಕಪ್ಪು ಕಣ್ಣೀರು ಮಾತ್ರ ಇದಕ್ಕೆ ಹೋಗುವುದಿಲ್ಲ. ಅದು ಮರದ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಆದ ಮಸಿ. ಹಿಂದೆ ಅಳಲೆಕಾಯಿಗೆ ತುಕ್ಕು ಕಬ್ಬಿಣ ಸೇರಿಸಿ ಕಪ್ಪು ಬಣ್ಣ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ. ಅದನ್ನು ತೆಗೆಯುವುದು ಆಕ್ಸಾಲಿಕ್ ಆಮ್ಲ, ಪಾಲಕ್ ಸೊಪ್ಪಿನಲ್ಲಿರುವುದೇ. ಅಂಗಡಿಯಲ್ಲಿ "ವುಡ್ ಬ್ರೈಟ್‌ನರ್" ಎಂಬ ಹೆಸರಿನಲ್ಲಿ ಸಿಗುತ್ತದೆ. ಪಾಲಕ್ ಆದರೇನು, ಕಣ್ಣಿಗೆ ಕನ್ನಡಕ, ಕೈಗೆ ಗವಸು ಬೇಕೇ ಬೇಕು. ಇದನ್ನು ಹಚ್ಚಿ ತೊಳೆದಾಗ ಆ ಬೂದು ಬೇಲಿ ಜೇನಿನ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ನಮ್ಮಾಕೆ, "ಇಷ್ಟೇ ಸಾಕಲ್ವಾ? ಇನ್ನು ಸ್ಟೇನ್ ಯಾಕೆ?" ಎಂದಳು. ಹಾಗೇ ಬಿಟ್ಟರೆ ವರ್ಷದೊಳಗೆ ಮತ್ತೆ ಬೂದು, ಅದಕ್ಕೆ.

ಹಳೇ ಮನೆಗಳವರಿಗೆ ಎರಡು ಎಚ್ಚರಿಕೆ. ಅಮೆರಿಕದಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ, ಅದಕ್ಕಿಂತ ಹಳೇ ಪೇಂಟನ್ನು ಕೆರೆಯುವ ಮೊದಲು ಪರೀಕ್ಷಿಸಿ. ಇನ್ನು ಹಸಿರು ಛಾಯೆಯ ಪೈನ್ ಕಂಬಗಳು. 2003ರ ಕೊನೆಯವರೆಗೆ ಮನೆಗಳಿಗೆ ಬಂದ ಅಂಥ ಮರದಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರುವುದು ಸಾಮಾನ್ಯ. ಇದರ ಮೂಲ ಎಲ್ಲಿಯದು ಬಲ್ಲಿರಾ? ನಮ್ಮ ಡೆಹ್ರಾಡೂನ್! ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಾಮೇಶಂ ಎಂಬ ವಿಜ್ಞಾನಿ 1933ರಲ್ಲಿ ಕಂಡುಹಿಡಿದ ಮಿಶ್ರಣ ಅದು. ಅಮೆರಿಕದ ಹಿತ್ತಲುಗಳನ್ನೆಲ್ಲ ದಶಕಗಟ್ಟಲೆ ಒರಲೆಯಿಂದ ಕಾಪಾಡಿತು. ಆರ್ಸೆನಿಕ್ಕಿನ ಭಯದಿಂದ ತಯಾರಕರು ಮನೆಬಳಕೆಗೆ ಕೊಡುವುದನ್ನು ನಿಲ್ಲಿಸಿದರು. ಅಂಥ ಕಂಬಗಳನ್ನು ಸುಡಬಾರದು, ಸ್ಯಾಂಡ್ ಪೇಪರ್ ಹಾಕಿ ಉಜ್ಜಬಾರದು. ಪರಿಸರ ಸಂರಕ್ಷಣಾ ಇಲಾಖೆಯವರು ಹೇಳುವಂತೆ, ಒಳಗಿಳಿಯುವ ಎಣ್ಣೆ ಸ್ಟೇನನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹಚ್ಚುತ್ತಿದ್ದರೆ ವಿಷ ಮೇಲಕ್ಕೆ ಬರುವುದು ಕಡಿಮೆಯಾಗಬಹುದು. ಮಕ್ಕಳಿರುವ ಮನೆಯಲ್ಲಿ ನನಗೆ ಇದೂ ಒಂದು ಕಾರಣವಾಯಿತು.

ತೊಳೆದ ಮೇಲೆ ಎರಡು ಮೂರು ದಿನ ಒಣಗಲು ಬಿಡಿ, ಸ್ಪ್ರಿಂಕ್ಲರ್ ಬಂದ್ ಮಾಡಿ. ನೀರಿನ ಹನಿ ಹಾಕಿದಾಗ ಮರ ಅದನ್ನು ಬೇಗ ಹೀರಿಕೊಂಡರೆ ಸಿದ್ಧ ಎಂದರ್ಥ, ಮಣಿಯಂತೆ ನಿಂತರೆ ಇನ್ನೂ ಇಲ್ಲ. ಹಚ್ಚುವ ಮೊದಲು ಪಕ್ಕದ, ಹಿಂದಿನ ಮನೆಯವರನ್ನು ಕೇಳುವುದು ಕಡ್ಡಾಯ, ಹಲಗೆ ಸಂದಿಯಿಂದ ಎಣ್ಣೆ ಆಚೆ ಹೋಗಿಯೇ ಹೋಗುತ್ತದೆ. ಹಿಂದಿನವರು ತಮ್ಮ ಕಡೆ ಬೇಡವೆಂದರು, ಅಲ್ಲಿ ಸ್ಪ್ರೇಯರ್ ಮುಟ್ಟದೆ ಬರೀ ಬ್ರಷ್ಷಿನಲ್ಲಿ ಮುಗಿಸಿದೆವು. ಪಕ್ಕದ ಅಜ್ಜನನ್ನು ಕೇಳಲು ನನಗೆ ಸ್ವಲ್ಪ ಅಳುಕಿತ್ತು. ಅಪ್ಪಯ್ಯನೇ ಹೋದರು. ಬರುವಾಗ ಅಜ್ಜನೂ ಹಿಂದೆಯೇ ಬಂದು, ನನ್ನ ಕಡೆಗೂ ಹಚ್ಚಿ, ಆ ಭಾಗದ ಸ್ಟೇನಿನ ಅರ್ಧ ದುಡ್ಡು ನನ್ನದು ಎಂದರು. ಟೆಕ್ಸಸ್ಸಿನಲ್ಲಿ ಪಕ್ಕದವರು ಬೇಲಿಗೆ ಪಾಲು ಕೊಡಲೇಬೇಕೆಂಬ ಕಾನೂನಿಲ್ಲ, ಸಂಬಂಧದ ಮೇಲೇ ನಡೆಯಬೇಕು. ಗುಲಾಬಿ ಗಿಡಗಳಿಗೆ ಹಳೇ ಬೆಡ್‌ಶೀಟ್ ಹೊದಿಸಿದ್ದು ನನ್ನ ಮಗಳು, ಅಜ್ಜನ ಮೇಲ್ವಿಚಾರಣೆಯಲ್ಲಿ.

ಬಿಳಿ ಪೇಂಟಿನ ಭಾಗಕ್ಕೆ ಏನು ಮಾಡುವುದೆಂಬ ಚಿಂತೆಯಿತ್ತು, ಪೇಂಟಿನ ಮೇಲೆ ಒಳಗಿಳಿಯುವ ಸ್ಟೇನು ಇಳಿಯುವುದಾದರೂ ಎಲ್ಲಿಗೆ? ಅಪ್ಪಯ್ಯ ಹಲಗೆಗಳನ್ನೇ ಕಳಚಿ ತಿರುಗಿಸಿ ಹೊಡೆಯಲು ಹೇಳಿದರು. ಹಿಂಬದಿಗೆ ಪೇಂಟು ಕಂಡಿರಲೇ ಇಲ್ಲ! ಬಿಳಿ ಮುಖ ಈಗ ನಮ್ಮ ಹಿತ್ತಲಿಗೆ. ಕೆರೆದು ಚೊಕ್ಕ ಮಾಡಿದ ಮೇಲೆ ಅದರ ಮೇಲೆ ಮಗಳು ಅ ಆ ಇ ಈ ಬರೆದಿದ್ದಾಳೆ, ಒಳಗಡೆ ಎಚ್.ಓ.ಎ.ಗೆ ಕೆಲಸವಿಲ್ಲ.

ಲೆಕ್ಕ ಕೇಳುವವರಿಗೆ: ನಮ್ಮದು ಸುಮಾರು 160 ಅಡಿ ಉದ್ದ. ಹಿಂದಿನ ಮನೆಯವರ ಕಡೆ ಬಿಟ್ಟು 1,560 ಚದರಡಿ. ಒರಟು ಸೀಡರ್ ಚೆನ್ನಾಗಿ ಕುಡಿಯುತ್ತದೆ, ಗ್ಯಾಲನ್ನಿಗೆ 110 ಚದರಡಿಯಷ್ಟೇ ಬಂತು. ಐದು ಗ್ಯಾಲನ್ನಿನ ಮೂರು ಡಬ್ಬ. ಸ್ಟೇನು, ಕ್ಲೀನರು, ಪಂಪ್ ಸ್ಪ್ರೇಯರು, ಬ್ರಷ್ಷು, ಒಂಬತ್ತು ಹಲಗೆ, ಕಂಬ ಬದಲಾಯಿಸಿದವರ ಕೂಲಿ ಎಲ್ಲ ಸೇರಿ ಸಾವಿರ ಡಾಲರಿನ ಆಸುಪಾಸು. ಅದರಲ್ಲಿ ಅಜ್ಜ ಕೊಟ್ಟದ್ದು ಕಳೆಯಬೇಕು. ಎರಡು ವಾರಾಂತ್ಯದ ಮೈಕೈ ನೋವು ಬೇರೆ. ಡಬ್ಬಗಳನ್ನು ಮೊದಲೇ ಒಂದಕ್ಕೊಂದು ಬೆರೆಸಿಕೊಳ್ಳಿ, ಇಲ್ಲದಿದ್ದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತದೆ. ಮೂರು ನಾಲ್ಕು ಹಲಗೆ ಹಿಡಿದು ಮೇಲಿಂದ ಕೆಳಗೆ ಪೂರ್ತಿ ಮುಗಿಸಿ ಮುಂದಕ್ಕೆ ಹೋಗಿ. ಒಬ್ಬರು ಸ್ಪ್ರೇ ಮಾಡಿದರೆ ಇನ್ನೊಬ್ಬರು ಹಿಂದೆಯೇ ಬ್ರಷ್ಷಿನಿಂದ ಉಜ್ಜಬೇಕು. ಹಲಗೆಯ ತಲೆಗೂ ಬುಡಕ್ಕೂ ಎರಡೆರಡು ಸಲ ಕುಡಿಸಿ. ಬುಡ ಮಣ್ಣಿನಿಂದ ಎರಡು ಇಂಚು ಮೇಲಿರಲಿ. ನೆರಳಿನ ಕಡೆಯೇ ಕೆಲಸ ಮಾಡಿ, ಬಿಸಿಲು ಬಂದ ಹಾಗೆ ಜಾಗ ಬದಲಾಯಿಸಿ.

ಕೊನೆಯದಾಗಿ ಒಂದು ವಿಷಯ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗರಾಜಿನ ಮೂಲೆಗೆ ಎಸೆಯಬಾರದು. ಅಗಸೆಯಂಥ ಒಣಗುವ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗಲಾಗದೆ ಏರುತ್ತಾ ಹೋಗಿ, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರವರಿ 23ರಂದು ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ ಬಹುಮಹಡಿ ಕಟ್ಟಡದ 22ನೇ ಮಹಡಿಯಲ್ಲಿ ಬೆಂಕಿ ಶುರುವಾದದ್ದು ಹೀಗೆ, ಮರಕ್ಕೆ ಎಣ್ಣೆ ಹಚ್ಚಿ ಬಿಟ್ಟುಹೋಗಿದ್ದ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. ಬಟ್ಟೆಗಳನ್ನು ಹೊರಗಡೆ ಒಂದೊಂದಾಗಿ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಅಕ್ಟೋಬರ್ ಕೊನೆಯ ವಾರ ಎಚ್.ಓ.ಎ.ಯವರು ಬಂದು ನೋಡಿ ಸಹಿ ಹಾಕಿದರು. ಅಪ್ಪಯ್ಯ ನವೆಂಬರ್ ಮೊದಲ ವಾರ ಊರಿಗೆ ಹೊರಟರು. ಈಗ ಭಾನುವಾರದ ಫೋನಿನಲ್ಲಿ ಮೊದಲು ಮೊಮ್ಮಗಳನ್ನು ಕೇಳುತ್ತಾರೆ, ಆಮೇಲೆ ಪಕ್ಕದ ಅಜ್ಜನನ್ನು, ಆಮೇಲೆ "ನೀರು ಹಾಕಿ ನೋಡಿದ್ಯಾ, ಹನಿ ನಿಲ್ತದಾ?" ಎಂದು. ಮೊನ್ನೆಯ ಮಳೆಯವರೆಗೂ ನಿಂತಿದೆ. ನಿಲ್ಲದ ದಿನ ತೊಳೆದು ಇನ್ನೊಂದು ಕೋಟು, ಬಹುಶಃ ಎರಡು ಮೂರು ವರ್ಷಕ್ಕೆ. ಅಲ್ಲಿಯತನಕ ಪಂಪ್ ಸ್ಪ್ರೇಯರೂ ಅರ್ಧ ಗ್ಯಾಲನ್ ಸೀಡರ್ ಸ್ಟೇನೂ ನಮ್ಮ ಗರಾಜಿನಲ್ಲಿ ಸುಮ್ಮನೆ ಕೂತಿವೆ. ಬೇಕಾದವರು ಮುಂದಿನ ಕಾರ್ಯಕ್ರಮದಲ್ಲಿ ಹೇಳಿ, ತಂದುಕೊಡುತ್ತೇನೆ.